ಒಂದು ಗೆರೆ, ಎರಡು ಎಳೆ

ಮೊಣ್ಣಪ್ಪ ಕುಂಟುತ್ತ ನಮ್ಮ ಹಿತ್ತಿಲ ಬಾಗಿಲಿಗೆ ಬಂದಾಗ ನಾನು ಒರಳಿನ ಮುಂದೆ ಕೂತು ದೋಸೆಗೆ ರುಬ್ಬುತ್ತಿದ್ದೆ. ಉದ್ದು ನುಣ್ಣಗಾಗಿ ಬೆಣ್ಣೆಯ ಹಾಗೆ ಉಬ್ಬಿ ಗುಂಡುಕಲ್ಲಿಗೆ ಅಂಟಿ ಬರುವ ಹೊತ್ತು. ಆ ಹೊತ್ತಿನಲ್ಲಿ ಕೈ ನಿಲ್ಲಿಸಿದರೆ ಅಡುಗೆಮನೆಯೊಳಗಿದ್ದ ಅಜ್ಜಿಗೆ ಗೊತ್ತಾಗುತ್ತಿತ್ತು. ಕಲ್ಲಿನ ಸದ್ದು ನಿಂತರೆ ಅವಳ ಸದ್ದು ಶುರು. ಆದ್ದರಿಂದ ನಾನು ಕಲ್ಲು ತಿರುಗಿಸುತ್ತಲೇ ತಲೆ ಎತ್ತಿ ನೋಡಿದೆ. ಮೊಣ್ಣಪ್ಪ ನಮ್ಮ ಶಾಲೆಯ ಜವಾನ. ಗಂಟೆ ಹೊಡೆಯುವುದು, ನೀರು ತುಂಬುವುದು, ಮೇಷ್ಟ್ರುಗಳಿಗೆ ಊರ ಸುದ್ದಿ ಹೇಳುವುದು, ವರ್ಷಕ್ಕೊಮ್ಮೆ ಫುಟ್‌ಬಾಲ್ ಮ್ಯಾಚಿನ ದಿನ ಬೆಳಿಗ್ಗೆ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದು ಅವನ ಕೆಲಸ. ಮ್ಯಾಚು ಮಾರನೇ ದಿನವೇ ಇತ್ತು.

"ಅಮ್ಮಾ, ಮೇಷ್ಟ್ರು ಉಂಟಾ? ನನ್ನ ಕಾಲು ಹೋಯ್ತು."

"ಇಲ್ಲೇ ಇದೆಯಲ್ಲೋ, ಎಲ್ಲಿಗೆ ಹೋಯ್ತು?" ಅಜ್ಜಿ ಒಳಗಿಂದ ಕೇಳಿದಳು.

"ಉಂಟು ಅಜ್ಜಿ. ಒಂದು ಕಾಲಿದ್ದ ಜಾಗದಲ್ಲಿ ಎರಡು ಕಾಲಿನಷ್ಟು ಉಂಟು. ಸುಣ್ಣದ ಚೀಲ ಹೊತ್ಕೊಂಡು ಬರುವಾಗ ಏರಿಯಿಂದ ಜಾರಿದೆ. ನಾಳೆ ಗೆರೆ ಎಳೆಯೋದು ಎಂಥ ಮಾಡುದು?"

ಕಲ್ಲು ನಿಂತಿತು. ಅಜ್ಜಿ ಗದರಲಿಲ್ಲ. ಅದರಿಂದಲೇ ನನಗೆ ವಿಷಯ ದೊಡ್ಡದು ಅಂತ ತಿಳಿದದ್ದು.

ದೊಡ್ಡದು ಹೇಗೆ ಅಂತ ಹೇಳಬೇಕು. ಗಾಳಿಬೀಡಿನ ನಮ್ಮ ಶಾಲೆ ಏಳನೇ ಕ್ಲಾಸಿಗೆ ಮುಗಿಯುತ್ತಿತ್ತು, ನಾನು ಏಳನೇ ಕ್ಲಾಸಿನಲ್ಲಿದ್ದೆ. ಎಂಟಕ್ಕೆ ಮಡಿಕೇರಿಗೆ ಹೋಗಬೇಕು, ಅಂದರೆ ಬಸ್ಸು ಹತ್ತಬೇಕು. ಅಜ್ಜಿ ಬಸ್ಸನ್ನು ಒಮ್ಮೆ ಮಾತ್ರ ಹತ್ತಿದ್ದವಳು. ಪಕ್ಕದಲ್ಲಿ ಕೂತಿದ್ದವನ ಬುಟ್ಟಿಯೊಳಗಿನ ಒಣಮೀನು ತಿರುವಿನಲ್ಲಿ ಅವಳ ಮಡಿಲಿಗೆ ಬಿದ್ದದ್ದರಿಂದ ಆ ವಾಹನದ ಬಗ್ಗೆ ಅವಳ ತೀರ್ಮಾನ ಆ ದಿನವೇ ಆಗಿಹೋಗಿತ್ತು. "ಇಲ್ಲೇ ಶಾಲೆ ಇದ್ರೆ ಹುಡುಗಿ ಎಷ್ಟು ಬೇಕಾದ್ರೂ ಓದಲಿ, ನಾನು ಬೇಡ ಅನ್ನಲ್ಲ. ಬಸ್ಸು ಮಾತ್ರ ಹತ್ತಿಸಲ್ಲ" ಅಂದುಬಿಟ್ಟಿದ್ದಳು. ಅಪ್ಪ ಅದೇ ಶಾಲೆಯಲ್ಲಿ ಮೇಷ್ಟ್ರು. ಎಂಟನೇ ಕ್ಲಾಸು ಕೊಡಿ ಅಂತ ಅರ್ಜಿ ಮೇಲೆ ಅರ್ಜಿ ಬರೆದಿದ್ದರು. ಆಗ ಕೊಡಗು ತಾನೇ ಒಂದು ರಾಜ್ಯ. ಇಡೀ ರಾಜ್ಯದ ಶಾಲೆ ನೋಡುವ ಇನ್‌ಸ್ಪೆಕ್ಟರು ಬೆಳಿಗ್ಗೆ ಮಡಿಕೇರಿಯಿಂದ ಜೀಪಿನಲ್ಲಿ ಹೊರಟರೆ ಸಂಜೆ ಕಾಫಿಗೆ ಮನೆ ಸೇರಬಹುದಾಗಿತ್ತು. ಹಾಗೆ ಹಿಂದಿನ ವರ್ಷ ಬಂದಿದ್ದ ಅವರು ಶಾಲೆ, ಬೆಂಚು, ನಕಾಶೆ ಎಲ್ಲ ನೋಡಿ ತಲೆಯಾಡಿಸಿ, ಕೊನೆಗೆ ಮೈದಾನಕ್ಕೆ ಹೋಗಿದ್ದರು. ಆ ಸಲ ಮೊಣ್ಣಪ್ಪ ಜ್ವರ ಬಂದು ಮಲಗಿದ್ದರಿಂದ ಹುಡುಗರು ಎಳೆದ ಗೆರೆಗಳು ಕೇರೆಹಾವು ಹೋದ ದಾರಿಯ ಹಾಗಿದ್ದವು. ನಡುವೃತ್ತದಲ್ಲಿ ನಮ್ಮ ಕೆಂಪು ಹಸು ಮಲಗಿತ್ತು. "ಮೇಷ್ಟ್ರೇ, ಇದು ಮೈದಾನವಾ ಗೋಮಾಳವಾ? ಮೈದಾನ ಇಲ್ಲದ ಶಾಲೆಗೆ ಮೇಲಿನ ಕ್ಲಾಸು ಹೇಗೆ ಬರೆಯೋದು? ಮುಂದಿನ ವರ್ಷ ನಿಯಮದ ಪ್ರಕಾರ ಗೆರೆ ಇರಲಿ, ಬರೀತೇನೆ" ಅಂತ ಹೇಳಿ ಹೋಗಿದ್ದರು. ಆ ಮುಂದಿನ ವರ್ಷವೇ ನಾಳೆ. ಮೊಣ್ಣಪ್ಪನ ಊದಿದ ಕಾಲಿನ ಜೊತೆ ನನ್ನ ಎಂಟನೇ ಕ್ಲಾಸೂ ಹಿತ್ತಿಲ ಮೆಟ್ಟಿಲ ಮೇಲೆ ಕೂತಿತ್ತು.

ನಮ್ಮ ಮನೆಯಲ್ಲಿ ಗೆರೆ ಅನ್ನುವುದು ಹೊಸ ಮಾತೇನಲ್ಲ. ಅಡುಗೆಮನೆಗೂ ನಡುಮನೆಗೂ ನಡುವೆ ಬಾಗಿಲಿರಲಿಲ್ಲ, ಒಂದು ಗೆರೆ ಇತ್ತು. ಅಜ್ಜಿ ದಿನಾ ಬೆಳಿಗ್ಗೆ ಸ್ನಾನ ಮಾಡಿ ಮಡಿಯುಟ್ಟು ಬಂದು, ಆ ಜಾಗದಲ್ಲಿ ರಂಗೋಲಿ ಪುಡಿಯಿಂದ ಎಳೆಯುತ್ತಿದ್ದಳು. ಆಮೇಲೆ ರಾತ್ರಿ ಒಲೆ ಆರುವವರೆಗೆ ಆ ಕಡೆ ಅವಳ ರಾಜ್ಯ. ಮಡಿಯಲ್ಲಿಲ್ಲದವರು ಗೆರೆ ದಾಟಬಾರದು. ದಾಟುವುದು ಇರಲಿ, ಕಾಲಿನ ಹೆಬ್ಬೆರಳು ಗೆರೆಗೆ ತಾಗಿದರೂ ದಾಟಿದ ಲೆಕ್ಕವೇ. ತಾಗಿಸಿದವರಿಗೆ ಬಾವಿಕಟ್ಟೆಯಲ್ಲಿ ಎರಡು ಕೊಡ ತಣ್ಣೀರು. ಗಾಳಿಬೀಡಿನ ಗಾಳಿಯಲ್ಲಿ ಆ ಎರಡು ಕೊಡ ಹೊಯ್ಯಿಸಿಕೊಂಡವರು ಅಜ್ಜಿಯ ಕಾನೂನನ್ನು ಜನ್ಮದಲ್ಲಿ ಮರೆಯುತ್ತಿರಲಿಲ್ಲ. ನಾನು ಎಷ್ಟು ಸಲ ಹೊಯ್ಯಿಸಿಕೊಂಡಿದ್ದೇನೆ ಅಂದರೆ, ಇವತ್ತಿಗೂ ಯಾರ ಮನೆಗೆ ಹೋದರೂ ಅಡುಗೆಮನೆ ಹೊಸಿಲ ಹತ್ತಿರ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ನನಗೆ ನೆಗಡಿಯಾಗದಂತೆ ಕಾದದ್ದು ಆ ದೇವರೇ. ಸಣ್ಣ ದಯೆ, ಆದರೂ ದಯೆ.

ಸಂಜೆ ಅಪ್ಪ ಬಂದರು. ಅಪ್ಪ ಜನ್ಮದಲ್ಲಿ ಚೆಂಡು ಒದ್ದವರಲ್ಲ. ಆದರೆ ಶಾಲೆಗೆ ಅಂಚೆಯಲ್ಲಿ ಬಂದಿದ್ದ ಆಟದ ನಿಯಮಗಳ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ್ದವರು ಅವರೊಬ್ಬರೇ ಆಗಿದ್ದರಿಂದ, ರೆಫ್ರಿಯ ಸೀಟಿ ಅವರ ಕೊರಳಿಗೆ ಬಿದ್ದಿತ್ತು. ಬೇರೆ ದಾರ ಸಿಗದೆ ಒಂದು ಹಳೇ ಜನಿವಾರಕ್ಕೇ ಅದನ್ನು ಕಟ್ಟಿಕೊಂಡಿದ್ದರು. ಅಜ್ಜಿಗೆ ಇದು ತಿಳಿದಿರಲಿಲ್ಲ ಅನ್ನುವುದು ಆ ಕಾಲದ ಇನ್ನೊಂದು ದಯೆ. ಊಟಕ್ಕೆ ಕೂತಾಗ ಅಪ್ಪ, ಗೆರೆಯನ್ನು ಹುಡುಗರ ಕೈಲೇ ಎಳೆಸುತ್ತೇನೆ, ಬೇರೆ ದಾರಿಯಿಲ್ಲ ಅಂದರು. ಅಮ್ಮ ತುಪ್ಪ ಬಡಿಸುತ್ತಾ, ಹಾಗಾದರೆ ಈ ವರ್ಷವೂ ಕೇರೆಹಾವೇ ಅಂದಳು. ಅಮ್ಮನ ರಂಗೋಲಿ ಅಂದರೆ ಆ ಊರಿಗೇ ಹೆಸರು. ಮದುವೆ ಮನೆಗಳಿಂದ ಕರೆಸಿಕೊಳ್ಳುತ್ತಿದ್ದರು. ಅಜ್ಜಿ ಒಲೆಯ ಮುಂದಿನಿಂದ ಒಂದೇ ಮಾತು ಕೇಳಿದಳು.

"ಗೆರೆ ಎಳೆಯೋದು ಯಾವತ್ತಿಂದ ಗಂಡಸರ ಕೆಲಸ ಆಯ್ತು?"

ಅಪ್ಪ ತುತ್ತು ಕೈಯಲ್ಲೇ ಹಿಡಿದು ಕೂತರು. ಸೊಸೆ ಬಯಲಲ್ಲಿ ನಿಂತು ಕೆಲಸ ಮಾಡುವುದೇ ಅಂತ ಮೊದಲು ಆಕ್ಷೇಪಿಸಬೇಕಾಗಿದ್ದವಳೇ ಅಜ್ಜಿ. ಅವಳೇ ಹೀಗಂದ ಮೇಲೆ ಯಾರೇನು ಹೇಳುವುದು? ಅಪ್ಪ ಕೈ ತೊಳೆದು ಬಂದು, ನನ್ನ ಸ್ಲೇಟಿನ ಮೇಲೆ ಮೈದಾನ ಬರೆದು ಗೆರೆಯ ಈ ಕಡೆ ಇಟ್ಟರು. ಅಜ್ಜಿ ಆ ಕಡೆಯಿಂದ ಬಗ್ಗಿ ನೋಡಿದಳು. ಯಾವುದಕ್ಕೂ ಕಾರಣ ತಿಳಿಯದೆ ಒಪ್ಪುವ ಹೆಂಗಸಲ್ಲ ಅವಳು.

"ಈ ನಡುವಿನ ಚಕ್ರ ಯಾಕೆ?"

"ಆಟ ಶುರುವಾಗುವಾಗ ಒಬ್ಬರು ಚೆಂಡು ಒದೀತಾರೆ. ಎದುರಿನವರು ಹತ್ತು ಗಜ ದೂರ ಇರಬೇಕು. ಅದಕ್ಕೆ."

"ಸರಿ, ದೇವರಿಗೆ ಮಂಗಳಾರತಿ ಆಗುವಾಗ ಹಿಂದೆ ಸರಿದು ನಿಲ್ಲೋ ಹಾಗೆ. ಈ ಗೋಲಿನ ಮುಂದೆ ದೊಡ್ಡ ಮನೆ?"

"ಅದರೊಳಗೆ ಗೋಲು ಕಾಯೋ ಗೋಲಿ ಒಬ್ಬ ಮಾತ್ರ ಚೆಂಡನ್ನು ಕೈಯಲ್ಲಿ ಮುಟ್ಟಬಹುದು. ಬೇರೆ ಯಾರೂ ಎಲ್ಲೂ ಮುಟ್ಟೋ ಹಾಗಿಲ್ಲ. ಅವನೂ ಆ ಗೆರೆ ಬಿಟ್ಟು ಆಚೆ ಬಂದರೆ ಮುಟ್ಟೋ ಹಾಗಿಲ್ಲ."

ಅಜ್ಜಿ ತನ್ನ ಗೆರೆ ನೋಡಿಕೊಂಡಳು, ಹಿಂದಿನ ಕಪಾಟಿನಲ್ಲಿದ್ದ ಉಪ್ಪಿನಕಾಯಿ ಜಾಡಿ ನೋಡಿದಳು. ಆ ಜಾಡಿಯನ್ನು ಅವಳಲ್ಲದೆ ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ.

"ಬುದ್ಧಿವಂತರ ಆಟ ಇದು" ಅಂದಳು.

ಆಮೇಲೆ ದೊಡ್ಡ ಮನೆಯೊಳಗಿನ ಚುಕ್ಕಿ ಯಾಕೆ, ಆ ಮನೆಯ ಹೊರಗೆ ಅರ್ಧಚಂದ್ರದ ಹಾಗೆ ಅಂಟಿಕೊಂಡಿರುವುದು ಯಾಕೆ ಅಂತ ಕೇಳಿದಳು. ಮನೆಯೊಳಗೆ ತಪ್ಪು ಮಾಡಿದರೆ ಆ ಚುಕ್ಕಿಯಿಂದ ಶಿಕ್ಷೆಯ ಒದೆ, ಆಗ ಒದೆಯುವವನೂ ಗೋಲಿಯೂ ಬಿಟ್ಟು ಉಳಿದವರೆಲ್ಲ ಮನೆಯ ಹೊರಗೆ ನಿಲ್ಲಬೇಕು, ಚುಕ್ಕಿಯಿಂದಲೂ ಹತ್ತು ಗಜ ದೂರವಿರಬೇಕು, ಮನೆಯ ಮುಂದಿನ ಗೆರೆ ಹತ್ತು ಗಜ ದೂರ ಇಲ್ಲದ್ದರಿಂದ ಆ ಕೊರತೆ ತುಂಬಲು ಅರ್ಧಚಂದ್ರ ಅಂತ ಅಪ್ಪ ವಿವರಿಸಿದರು. ಎಲ್ಲಕ್ಕಿಂತ ದೊಡ್ಡ ನಿಯಮ ಯಾವುದು ಅಂತ ಅಜ್ಜಿ ಕೇಳಿದಾಗ ಅಪ್ಪ ಪುಸ್ತಕ ತೆರೆದು, ಬೆರಳಿಟ್ಟು ಓದಿದರು. ಗೆರೆಯೂ ಮೈದಾನದ ಭಾಗವೇ. ಇಡೀ ಚೆಂಡು ಇಡೀ ಗೆರೆಯನ್ನು ದಾಟಿದರೆ ಮಾತ್ರ ದಾಟಿದಂತೆ. ಗೆರೆಯ ಮೇಲೆ ಕೂದಲೆಳೆಯಷ್ಟು ಇದ್ದರೂ ದಾಟಿಲ್ಲ.

"ತಾಗಿದ್ರೆ ದಾಟಿದ ಹಾಗಲ್ವಾ?"

"ಅಲ್ಲ."

"ಇದೊಂದು ಸರಿಯಿಲ್ಲ" ಅಂದಳು ಅಜ್ಜಿ. "ಇರಲಿ. ಆ ಆಫ್‌ಸೈಡು ಅಂತ ಕಿರುಚ್ತಾರಲ್ಲ, ಅದಕ್ಕೆ ಗೆರೆ ಎಲ್ಲಿ?"

"ಅದಕ್ಕೆ ಗೆರೆ ಇಲ್ಲಮ್ಮ. ರೆಫ್ರಿ ಕಣ್ಣಳತೆಯಲ್ಲೇ ಹಿಡೀಬೇಕು."

"ಗೆರೆಯಿಲ್ಲದೆ ತಪ್ಪು ಹಿಡಿಯೋದಾ?"

"ಯಾಕೆ, ನಮ್ಮನೇಲಿ ಇಲ್ವಾ" ಅಂತ ಅಮ್ಮ ಎಲೆ ಎತ್ತುತ್ತಾ ಗೊಣಗಿದಳು. ಅಜ್ಜಿಗೆ ಕಿವಿ ಚುರುಕು. ಆದರೆ ಆ ದಿನ ಕೇಳಿಸಲಿಲ್ಲ.

ಅಳತೆಯದೇ ಕಷ್ಟವಾಯಿತು. ಮೊಣ್ಣಪ್ಪ ಹೆಜ್ಜೆ ಹಾಕಿ ಅಳೆಯುವವನು, ಟೇಪು ಗೀಪು ಇರಲಿಲ್ಲ. ಪುಸ್ತಕದಲ್ಲಿ ಎಲ್ಲವೂ ಗಜದ ಲೆಕ್ಕ. ಅಪ್ಪ ಹದಿನೆಂಟು ಗಜ ಅಂದದ್ದೇ ತಡ, ಅಜ್ಜಿ "ಎರಡು ಸೀರೆ" ಅಂದಳು. ಅವಳು ಉಡುತ್ತಿದ್ದದ್ದು ಒಂಬತ್ತು ಗಜದ ಸೀರೆ. ನೂರು ಗಜ ಉದ್ದ ಅಂದರೆ ಹನ್ನೊಂದು ಸೀರೆ ಮೇಲೆ ಒಂದು ಗಜ. ಗೋಲು ಕಂಬಗಳ ನಡುವೆ ಎಂಟು ಗಜ, ಸೀರೆಗೆ ಒಂದು ಗಜ ಕಮ್ಮಿ. ಚಕ್ರಕ್ಕೆ ಸೀರೆ ಮೇಲೆ ಒಂದು ಗಜ. ಅಪ್ಪ ಬರೆದುಕೊಂಡದ್ದನ್ನೆಲ್ಲ ಅಜ್ಜಿ ಬಾಯಲ್ಲೇ ಸೀರೆಗೆ ಇಳಿಸಿಬಿಟ್ಟಳು. ಅಪ್ಪ ಮಾರನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಮಡಿಕೇರಿಗೆ ಹೋಗಿ, ಚೆಂಡಿಗೆ ಹೊಸ ಬ್ಲಾಡರು ಹಾಕಿಸಿಕೊಂಡು, ಇನ್‌ಸ್ಪೆಕ್ಟರ ಜೀಪಿನಲ್ಲೇ ಬರಬೇಕಿತ್ತು. ಹೋಗುವ ಮುಂಚೆ ಪೆನ್ಸಿಲ್ಲಿನಲ್ಲಿ ಒಂದು ನಕ್ಷೆ ಬರೆದುಕೊಟ್ಟು, "ಗೆರೆ ಐದು ಇಂಚಿಗಿಂತ ದಪ್ಪ ಆಗಬಾರದು, ಅಷ್ಟು ನೆನಪಿಟ್ಟುಕೋ" ಅಂತ ನನಗೆ ಹೇಳಿದರು. ನಾನು ನೆನಪಿಟ್ಟುಕೊಂಡೆ.

ಇಬ್ಬನಿ ಆರುವ ಮುಂಚೆ ನಾವು ಮೂವರೂ ಮೈದಾನದಲ್ಲಿದ್ದೆವು. ಇಬ್ಬನಿ ಇದ್ದರೆ ಸುಣ್ಣ ಹುಲ್ಲಿಗೆ ಹಿಡಿಯುತ್ತದೆ, ಗಾಳಿಗೆ ಹಾರುವುದಿಲ್ಲ ಅನ್ನುವುದು ಅಮ್ಮನ ಲೆಕ್ಕ. ಅಜ್ಜಿ ಒಂದು ಮಣೆ ಹಾಕಿಸಿಕೊಂಡು ಗೋಲಿನ ಪಕ್ಕ ಕೂತಳು. ಅವಳ ಹಳೇ ಸೀರೆಯೊಂದನ್ನು ನಾನೊಂದು ತುದಿ ಅಮ್ಮನೊಂದು ತುದಿ ಹಿಡಿದು ಅಳೆಯುತ್ತಾ ಹೋದೆವು. ಚಕ್ರಕ್ಕೆ ನಡುವೆ ಒನಕೆ ನೆಟ್ಟು, ಹಸುವಿನ ಹಗ್ಗ ಕಟ್ಟಿ ತಿರುಗಿದೆವು. ಸುಣ್ಣ ಕೈ ಸುಡುತ್ತದೆಂದು ಅಮ್ಮ ತೆಂಗಿನ ಚಿಪ್ಪಿಗೆ ಕಾದ ಸರಳಿನಿಂದ ತೂತು ಮಾಡಿ ತಂದಿದ್ದಳು. ಚಿಪ್ಪು ತಟ್ಟುತ್ತಾ ನಡೆದರೆ ಪುಡಿ ಸುರಿಯುತ್ತದೆ. ಅವಳು ಮೊದಲ ಹತ್ತು ಹೆಜ್ಜೆ ನಡೆದ ಮೇಲೆ ನಾನು ಹಿಂದಿನಿಂದ ನೋಡಿದೆ. ಚಿಪ್ಪಿಗೆ ತೂತು ಎರಡಿತ್ತು. ನೆಲದ ಮೇಲೆ ಬಿದ್ದದ್ದೂ ಎರಡು, ಹಳಿಗಳ ಹಾಗೆ, ಅಕ್ಕಪಕ್ಕ.

"ಅಮ್ಮ, ಅಪ್ಪ ಬರೆದುಕೊಟ್ಟದ್ದರಲ್ಲಿ ಒಂದೇ ಇದೆ."

"ಪೆನ್ಸಿಲ್ಲಿಗೆ ಒಂದೇ ತುದಿ. ಅವರೇನು ಮಾಡ್ತಾರೆ ಪಾಪ."

"ಆದ್ರೂ..."

"ಒಂಟಿ ಎಳೆ ಹಾಕೋದು ಯಾವತ್ತು ಹೇಳು? ಸಾವಾದ ಮನೆ ಮುಂದೆ. ಇಪ್ಪತ್ತೆರಡು ಮಕ್ಕಳು ಓಡಾಡೋ ಜಾಗಕ್ಕೆ ನನ್ನ ಕೈಯಿಂದ ಒಂಟಿ ಎಳೆ ಹಾಕಿಸ್ತೀಯಾ? ನಡಿ, ಸೀರೆ ಎಳಿ."

ನಾನು ಅಜ್ಜಿಯ ಕಡೆ ನೋಡಿದೆ. ಅಜ್ಜಿ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದವಳು ಕಣ್ಣು ಬಿಡದೆಯೇ ತಲೆಯಾಡಿಸಿದಳು. ಅತ್ತೆ ಸೊಸೆ ಇಬ್ಬರೂ ಒಂದು ವಿಷಯದಲ್ಲಿ ಒಪ್ಪಿದ್ದನ್ನು ನಾನು ನೋಡಿದ್ದು ವಿರಳ. ಅಂಥ ಹೊತ್ತಿನಲ್ಲಿ ಬಾಯಿ ಹಾಕಲು ನನಗೆ ಧೈರ್ಯ ಬರಲಿಲ್ಲ. ಹೀಗೆ ಇಡೀ ಮೈದಾನಕ್ಕೆ ಜೋಡಿ ಎಳೆ ಬಿತ್ತು. ಸುತ್ತ, ನಡುವೆ, ಚಕ್ರ, ದೊಡ್ಡ ಮನೆ, ಚಿಕ್ಕ ಮನೆ, ಅರ್ಧಚಂದ್ರ, ನಾಲ್ಕು ಮೂಲೆಗಳ ಪುಟ್ಟ ಕಮಾನು, ಎಲ್ಲಕ್ಕೂ. ಕೊನೆಗೆ ಚಕ್ರದ ನಡುವೆ ಒಂದು ಚುಕ್ಕಿ ಇಡಬೇಕಿತ್ತು. ಅಮ್ಮನ ಕೈ ಚುಕ್ಕಿಗೆ ನಿಲ್ಲಲಿಲ್ಲ, ಎಂಟು ದಳದ ಕಮಲ ಆಗಿಹೋಯಿತು. ಬಿಸಿಲು ಬಿದ್ದಾಗ ಆ ಬಯಲು ಹೇಗೆ ಕಂಡಿತೆಂದರೆ, ಎಲ್ಲಿಂದಲೋ ಒಬ್ಬ ದೊಡ್ಡ ದೇವರು ಬಂದು ಅಲ್ಲಿ ಕೂರುವುದೊಂದು ಬಾಕಿ.

ಮಧ್ಯಾಹ್ನ ಜೀಪು ಬಂತು. ಇನ್‌ಸ್ಪೆಕ್ಟರು ಆನೆಮರಿಯಂಥ ಆಳು, ಕೊಡವರು, ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವರಂತೆ. ಅಪ್ಪ ಅವರ ಹಿಂದೆ ಚೆಂಡು ತಬ್ಬಿಕೊಂಡು ಇಳಿದವರು, ಗೆರೆಯ ಅಂಚಿಗೆ ಬಂದು ನಿಂತು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಒರೆಸಿದರೂ ಎರಡೇ ಕಂಡಿತು.

"ಮೇಷ್ಟ್ರೇ, ಗೆರೆ ಎರಡು ಉಂಟಲ್ಲ?"

ಅಪ್ಪ ಸುಳ್ಳು ಹೇಳಿದ್ದನ್ನು ನಾನು ಜೀವಮಾನದಲ್ಲಿ ಕೇಳಿದ್ದು ಅದೊಂದೇ.

"ಗಾಳಿ ಸಾರ್. ನಮ್ಮೂರ ಗಾಳಿಗೆ ಒಂದು ಹಾರಿಹೋದ್ರೆ ಇನ್ನೊಂದು ಇರಲಿ ಅಂತ... ಸ್ಪೇರು."

"ಹೂಂ" ಅಂದರು ಅವರು. ಬರೆಯುವ ಪುಸ್ತಕ ತೆರೆದವರು ಮತ್ತೆ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. "ಆಟ ಆಗಲಿ, ನೋಡ್ವಾ." ನಾನು ಮಡಿಕೇರಿಯ ಓಂಕಾರೇಶ್ವರನಿಗೆ ಒಂದು ತುಪ್ಪದ ದೀಪ ಹೇಳಿಕೊಂಡೆ. ಅವರು ದೊಡ್ಡ ಮನೆಯನ್ನು ತಾವೇ ಹೆಜ್ಜೆ ಹಾಕಿ ಅಳೆದು ಹದಿನೆಂಟು ಸರಿಯಾಗಿ ಬಂದಾಗ, ದೀಪವನ್ನು ಎರಡು ಮಾಡಿದೆ.

ಎದುರಿನ ತಂಡ ನೆಲ್ಯಹುದಿಕೇರಿ ಕಡೆಯ ಒಂದು ಶಾಲೆಯದು. ಕಾವೇರಿ ದಂಡೆಯ ಹುಡುಗರು, ಹಿಂದಿನ ವರ್ಷ ಕಪ್ಪು ಗೆದ್ದವರು. ಸಮ ಆದರೆ ಕಪ್ಪು ಗೆದ್ದವರಲ್ಲೇ ಉಳಿಯುತ್ತದೆ ಅನ್ನುವುದು ಒಪ್ಪಂದ. ನಮ್ಮ ಕ್ಯಾಪ್ಟನ್ ಬೆಳ್ಯಪ್ಪ, ನನ್ನ ಕ್ಲಾಸಿನವನೇ. ಅಪ್ಪ ಸೀಟಿ ಊದಿದರು. ಬೆಳ್ಯಪ್ಪ ಒದೆಯಲಿಲ್ಲ, ಕಮಲ ನೋಡುತ್ತಾ ನಿಂತ. ಅಪ್ಪ ಮತ್ತೆ ಊದಿದರು. ಅವನು ಬಗ್ಗಿ ಕಮಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಎದುರಿನ ಕ್ಯಾಪ್ಟನ್ನೂ ಬಂದು ಮುಟ್ಟಿ ಒತ್ತಿಕೊಂಡ. ನೋಡಿನೋಡಿ ಇಪ್ಪತ್ತೆರಡು ಹುಡುಗರೂ ಸಾಲಾಗಿ ಬಂದು ನಮಸ್ಕಾರ ಮಾಡಿ ಹೋದ ಮೇಲೆಯೇ ಆಟ ಶುರುವಾದದ್ದು. ಇನ್‌ಸ್ಪೆಕ್ಟರು ಟೋಪಿ ತೆಗೆದು ನಿಂತಿದ್ದರು. ನಗು ತಡೆಯುವುದಕ್ಕೋ ಭಕ್ತಿಯಿಂದಲೋ ಗೊತ್ತಾಗಲಿಲ್ಲ.

ಆಟದ ಬಗ್ಗೆ ನಾನು ಹೆಚ್ಚು ಹೇಳಲಾರೆ. ನಮ್ಮ ಕಣ್ಣು ಚೆಂಡಿನ ಮೇಲಿರಲಿಲ್ಲ, ಗೆರೆಯ ಮೇಲಿತ್ತು. ಯಾರಾದರೂ ಜಾರಿ ಬಿದ್ದು ಎಳೆ ಅಳಿಸಿದಾಗಲೆಲ್ಲ ಅಮ್ಮ ತಾನೇ ಬಿದ್ದವಳ ಹಾಗೆ ಬೆನ್ನು ಒತ್ತಿಕೊಳ್ಳುತ್ತಿದ್ದಳು. ಎರಡು ಕಡೆಗೂ ಗೋಲು ಬರಲಿಲ್ಲ. ಇನ್ನೇನು ಮುಗಿಯಿತು ಅನ್ನುವಾಗ ಬೆಳ್ಯಪ್ಪ ದೊಡ್ಡ ಮನೆಯ ಅಂಚಿನಿಂದ ಬೀಸಿ ಒದ್ದ. ಅವರ ಗೋಲಿ ಹಾರಿದ, ಸಿಗಲಿಲ್ಲ. ಆದರೆ ಗೋಲಿನ ಬಾಯಲ್ಲಿ ಹಿಂದಿನ ವಾರದ ಅಕಾಲ ಮಳೆಯ ಕೆಸರಿತ್ತು. ಚರ್ಮದ ಚೆಂಡು ನೀರು ಕುಡಿದು ಕುಂಬಳಕಾಯಿಯಷ್ಟು ಭಾರವಾಗಿತ್ತು. ಆ ಕೆಸರಿನಲ್ಲಿ ಪಚಕ್ ಅಂತ ಕೂತದ್ದು ಅಲ್ಲಾಡಲಿಲ್ಲ. ಅಪ್ಪ ಸೀಟಿ ಊದಿ ಓಡಿ ಬಂದರು. ಯಾರೂ ಮುಟ್ಟಬೇಡಿ ಅಂದರು. ಎಲ್ಲರೂ ಸುತ್ತ ನಿಂತು ಬಗ್ಗಿದರು. ಅದು ನಾವು ಕೂತಿದ್ದ ಕಡೆಯ ಗೋಲೇ ಆದ್ದರಿಂದ ನನಗೂ ಕಂಡಿತು. ನೆತ್ತಿಯಿಂದ ನೋಡಿದರೆ ಒಳಗಿನ ಎಳೆ ಪೂರ್ತಿ ಕಾಣುತ್ತಿತ್ತು. ಹೊರಗಿನ ಎಳೆ ಚೆಂಡಿನ ಹೊಟ್ಟೆಯ ಕೆಳಗೆ ಇತ್ತು. ಚೆಂಡು ಒಂದನ್ನು ದಾಟಿತ್ತು, ಇನ್ನೊಂದನ್ನು ದಾಟಿರಲಿಲ್ಲ.

"ಗೋಲ್" ಅಂದ ಮೊಣ್ಣಪ್ಪ, ಬೆಂಚಿನ ಮೇಲೆ ಊದಿದ ಕಾಲು ಚಾಚಿಕೊಂಡು, ಅಲ್ಲಿಂದಲೇ.

"ಎಂಥ ಗೋಲ್? ಗೆರೆ ಇನ್ನೂ ಅಡಿಯಲ್ಲುಂಟು" ಅಂದರು ಆ ಶಾಲೆಯ ಡ್ರಿಲ್ ಮೇಷ್ಟ್ರು.

ಇನ್‌ಸ್ಪೆಕ್ಟರು ಜನರನ್ನು ಸರಿಸಿಕೊಂಡು ಬಂದು, ಬಗ್ಗಿ ನೋಡಿ, ನಿಧಾನವಾಗಿ ಸೊಂಟ ನೆಟ್ಟಗೆ ಮಾಡಿದರು.

"ಮೇಷ್ಟ್ರೇ, ಇದರಲ್ಲಿ ಸ್ಪೇರು ಯಾವುದು?"

ಅಪ್ಪನ ಮುಖ ನೆನೆದರೆ ನನಗೆ ಈಗಲೂ ಅಯ್ಯೋ ಅನಿಸುತ್ತದೆ. ಒಳಗಿನದೇ ನಿಜವಾದ ಗೆರೆ ಅಂದರೆ ಗೋಲು, ನಮ್ಮ ಹುಡುಗರಿಗೆ ಕಪ್ಪು. ಆದರೆ ಆಗ ಹೊರಗಿನದು ಮೈದಾನದ ಸುತ್ತ ನಿಯಮದಲ್ಲಿಲ್ಲದೆ ಬಿದ್ದಿರುವ ಗೆರೆ. ಮೈದಾನವೇ ತಪ್ಪು. ಎಂಟನೇ ಕ್ಲಾಸು ಹೋಯಿತು. ಹೊರಗಿನದೇ ನಿಜ ಅಂದರೆ ಒಳಗಿನದು ತಪ್ಪು. ಗೋಲೂ ಇಲ್ಲ, ಕ್ಲಾಸೂ ಇಲ್ಲ. ಅವರು ಹೇಳಿದ ಒಂದೇ ಒಂದು ಸುಳ್ಳು ಅವರನ್ನು ಎರಡು ಎಳೆಗಳ ನಡುವೆ ನಿಲ್ಲಿಸಿತ್ತು. ಅವರು ಸೀಟಿಯ ಜನಿವಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಅಮ್ಮನ ಕಡೆ ನೋಡಿದರು. ಅಮ್ಮ ಪರ ಗಂಡಸರ ಮುಂದೆ ಮಾತಾಡಿದವಳಲ್ಲ. ಸೆರಗು ಬಾಯಿಗೆ ಇಟ್ಟುಕೊಂಡು ನನ್ನ ಭುಜ ಚಿವುಟಿದಳು.

"ಹೋಗಿ ಹೇಳು. ಅದು ಎರಡು ಗೆರೆ ಅಲ್ಲ. ಒಂದೇ ಗೆರೆ, ಎರಡು ಎಳೆ."

ನಾನು ಹೋಗಿ ನಿಂತೆ. ಬೆಳ್ಯಪ್ಪ ಕೆಸರು ಮೆತ್ತಿದ ಮುಖದಲ್ಲಿ ನನ್ನನ್ನೇ ನೋಡುತ್ತಿದ್ದ. ಈ ಮಾತು ಹೇಳಿದರೆ ಅವನ ಗೋಲು ಹೋಗುತ್ತದೆ ಅಂತ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಹೇಳಿದೆ ಅಂತ ಬರೆದರೆ ದೇವರು ಮೆಚ್ಚುವುದಿಲ್ಲ.

"ಸಾರ್, ಸ್ಪೇರು ಇಲ್ಲ. ಒಂದೇ ಗೆರೆ. ನಮ್ಮಲ್ಲಿ ಒಂದು ಗೆರೆಗೆ ಎರಡು ಎಳೆ ಹಾಕ್ತಾರೆ. ಒಂಟಿ ಎಳೆ ಸಾವಿಗೆ."

"ಯಾರು ಹಾಕಿದ್ದು?"

"ಅಮ್ಮ. ತೆಂಗಿನ ಚಿಪ್ಪಲ್ಲಿ."

ಇನ್‌ಸ್ಪೆಕ್ಟರು ನನ್ನನ್ನು ನೋಡಿದರು, ಚಕ್ರದ ನಡುವೆ ಅರ್ಧ ಅಳಿಸಿದ ಕಮಲ ನೋಡಿದರು. ಅಪ್ಪನ ಜೇಬಿನಿಂದ ಅಡಿಕೋಲು ಎಳೆದುಕೊಂಡು, ಕೆಸರಿನಲ್ಲಿ ಮಂಡಿಯೂರಿ, ಒಳಗಿನ ಎಳೆಯ ಒಳಅಂಚಿನಿಂದ ಹೊರಗಿನ ಎಳೆಯ ಹೊರಅಂಚಿಗೆ ಇಟ್ಟರು. ಊರೆಲ್ಲ ಆ ಅಡಿಕೋಲಿನ ಮೇಲೆ ಬಗ್ಗಿತು. ನನಗೆ ಮಾತ್ರ ಒಂದೇ ಸಮಾಧಾನ. ಚಿಪ್ಪಿನಿಂದ ಸುರಿದದ್ದು ಚಿಪ್ಪಿಗಿಂತ ಅಗಲ ಹೇಗೆ ಆದೀತು?

"ನಾಲ್ಕೂ ಮುಕ್ಕಾಲು" ಅಂದರು. "ಐದರ ಒಳಗೆ ಉಂಟು. ಹಾಗಾದ್ರೆ ಒಂದೇ ಗೆರೆ, ನಡುವೆ ಸ್ವಲ್ಪ ಹುಲ್ಲು ಕಾಣ್ತದೆ ಅಷ್ಟೆ. ಇನ್ನು ಗೋಲೋ ಅಲ್ಲವೋ ನೀವು ಹೇಳಿ. ಸೀಟಿ ನಿಮ್ಮದು."

ಅಪ್ಪ ಬೆಳ್ಯಪ್ಪನ ಮುಖ ನೋಡದೆ ಹೇಳಿದರು. "ಇಡೀ ಚೆಂಡು ಇಡೀ ಗೆರೆ ದಾಟಿಲ್ಲ. ಗೋಲ್ ಅಲ್ಲ."

ಆಟ ಸಮವಾಗಿ ಮುಗಿಯಿತು. ಕಪ್ಪು ಬಂದ ದಾರಿಯಲ್ಲೇ ಕಾವೇರಿ ದಂಡೆಗೆ ವಾಪಸು ಹೋಯಿತು. ಮಗಳ ಕ್ಲಾಸಿಗಾಗಿ ಮೇಷ್ಟ್ರು ಗೋಲು ನುಂಗಿದರು ಅಂತ ಊರು ಎರಡು ತಿಂಗಳು ಆಡಿಕೊಂಡಿತು. ಮೊಣ್ಣಪ್ಪ ಎಂಟು ದಿನ ನಮ್ಮ ಹಿತ್ತಿಲಿಗೆ ಕಾಫಿಗೆ ಬರಲಿಲ್ಲ, ಒಂಬತ್ತನೇ ದಿನ ಬಂದು ಎರಡು ಲೋಟ ಕುಡಿದ. ಬೆಳ್ಯಪ್ಪ ನನ್ನ ಹತ್ತಿರ ಮಾತು ಬಿಟ್ಟ. ಆಮೇಲೆ ಮಾತಾಡಿದಾಗಲೂ ಹೆಸರು ಹಿಡಿದು ಕರೆಯಲಿಲ್ಲ, "ಏ ಎರಡೆಳೆ" ಅಂತ ಕರೆದ. ಆ ಹೆಸರು ನನ್ನ ಮದುವೆಯವರೆಗೂ ಅಂಟಿಕೊಂಡಿತ್ತು. ಆದರೆ ಅವನು ಹಾಗೆ ಕರೆದದ್ದು ಎಂಟನೇ ಕ್ಲಾಸಿನ ಹಿಂದಿನ ಬೆಂಚಿನಿಂದ. 'ನಿನ್ನ ಕ್ಲಾಸು' ಅಂತ ಅಣಕಿಸಿದರೆ, 'ನೀನು ಕೂತಿರೋದು ಎಲ್ಲಿ' ಅಂತ ಕೇಳಲು ನನಗೆ ದೇವರು ಬಾಯಿ ಕೊಟ್ಟಿದ್ದ.

ಆದರೆ ಕ್ಲಾಸು ಮೈದಾನದಲ್ಲೇ ಬಂದುಬಿಡಲಿಲ್ಲ. ಬರೆಯುವ ಪುಸ್ತಕ ಇನ್ನೂ ಕಂಕುಳಲ್ಲೇ ಇತ್ತು. ಇನ್‌ಸ್ಪೆಕ್ಟರು ನಮ್ಮ ಮನೆಗೆ ಕಾಫಿಗೆ ಬಂದರು. ಬೂಟು ಜಗಲಿಯಲ್ಲಿ ಬಿಟ್ಟು, ಕೆಸರು ಮಂಡಿಯಲ್ಲಿ ನಡುಮನೆಯಲ್ಲಿ ಕೂತು, ಅಮ್ಮ ಒಳಗಿಂದ ಕಳಿಸಿದ ಕಾಫಿ ಕುಡಿದರು. ಮೈದಾನದಿಂದ ಬಂದವಳೇ ಅಜ್ಜಿ ಮತ್ತೆ ಮುಳುಗಿ, ಮಡಿಯುಟ್ಟು, ದೇವರಿಗೆ ದೋಸೆ ಹುಯ್ಯಲು ಒಲೆ ಹಚ್ಚಿ, ಹೊಸದಾಗಿ ಗೆರೆ ಎಳೆದುಕೊಂಡಿದ್ದಳು. ದೊಡ್ಡ ಮನುಷ್ಯರಿಗೆ ಅಭ್ಯಾಸವಿರಲಿಲ್ಲವೋ ಏನೋ, ಲೋಟ ಕೈಯಲ್ಲಿ ಹಿಡಿದು ಸೀದಾ ಎದ್ದು, "ಆ ಚಿಪ್ಪು ಹಿಡಿದ ಅಮ್ಮ ಎಲ್ಲಿ, ಒಂದು ಮಾತು ಹೇಳ್ಬೇಕು" ಅನ್ನುತ್ತಾ ಅಡುಗೆಮನೆಯ ಕಡೆ ನಡೆದುಬಿಟ್ಟರು. ಅಪ್ಪ ಸಾರ್ ಅನ್ನುವಷ್ಟರಲ್ಲಿ ಅವರ ಬಲಗಾಲಿನ ಕಾಲುಚೀಲದ ಹೆಬ್ಬೆರಳು ಗೆರೆಯ ಮೇಲೆ ಇತ್ತು.

ಒಲೆಯ ಮೇಲೆ ದೋಸೆ ಚುಯ್ ಅನ್ನುತ್ತಿತ್ತು. ಅಜ್ಜಿ ಸೌಟು ಹಿಡಿದು ಆ ಹೆಬ್ಬೆರಳನ್ನು ನೋಡಿದಳು. ಅವಳು ತಾಸಿಲ್ದಾರರ ಹೆಂಡತಿಯನ್ನೂ ಬಾವಿಕಟ್ಟೆಗೆ ಕಳಿಸಿದವಳು. ಇವರಿಗೆ ಎರಡು ಕೊಡ ಹೇಳಿದರೆ ಆ ಪುಸ್ತಕ ತೆರೆಯುವುದು ಸುಳ್ಳು. ನಾನು ಕಂಬ ಹಿಡಿದುಕೊಂಡೆ. ಅಜ್ಜಿ ಹತ್ತಿರ ಬಂದಳು, ಸೊಂಟ ಬಗ್ಗಿಸಿದಳು, ನೆತ್ತಿಯಿಂದ ನೋಡಿದಳು. ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ.

"ಪೂರ್ತಿ ದಾಟಿಲ್ಲ" ಅಂದಳು.

"ಎಂಥ ಅಮ್ಮ?"

"ಗೋಲ್ ಆಗಿಲ್ಲ ಅಂದೆ. ಅಲ್ಲೇ ಹಿಂದೆ ಸರಿದು ಕೂತ್ಕೊಳಪ್ಪ, ಬಿಸಿ ದೋಸೆ ಕೊಡ್ತೀನಿ."

ಅವರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಕಾಲು ನೋಡಿಕೊಂಡರು, ಗೆರೆ ನೋಡಿದರು, ಮೆಲ್ಲಗೆ ಕಾಲು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಅವರು ನಕ್ಕ ನಗೆಗೆ ಕಪಾಟಿನ ಉಪ್ಪಿನಕಾಯಿ ಜಾಡಿಯ ಮುಚ್ಚಳ ಅಲ್ಲಾಡಿತು. ನಾಲ್ಕು ದೋಸೆ ತಿಂದರು. ಐದನೆಯದಕ್ಕೆ ಕಾಯುತ್ತಾ ಪುಸ್ತಕ ತೆರೆದು, ಮಣೆಯ ಮೇಲೆ ಇಟ್ಟುಕೊಂಡು ಬರೆದರು. ಅಪ್ಪ ಅವರ ಹೆಗಲ ಮೇಲಿಂದ ಓದಿ, ನನ್ನ ಕಡೆ ತಿರುಗಿ, ತಲೆಯನ್ನು ಒಂದೇ ಒಂದು ಸಲ ಆಡಿಸಿದರು.

ನಾನು ಈಗಲೂ ಮಲಗುವ ಮುಂಚೆ ದಿನದ ದಯೆಗಳನ್ನು ಬೆರಳು ಮಡಚಿ ಎಣಿಸುತ್ತೇನೆ. ಆ ದಿನ ಎರಡು ಕೈಯ ಬೆರಳು ಸಾಲಲಿಲ್ಲ. ಆದರೆ ಮೊದಲ ಬೆರಳು ಯಾವುದಕ್ಕೆ ಮಡಚಿದೆ ಅಂತ ಚೆನ್ನಾಗಿ ನೆನಪಿದೆ. ಬಾಳೆಲ್ಲ ತಾಗಿದರೆ ದಾಟಿದ ಹಾಗೆ ಅಂದುಕೊಂಡೇ ಬಂದ ಒಬ್ಬ ಮುದುಕಿ, ನನಗಾಗಿ ಒಂದು ಸಂಜೆ, ಒಂದು ಹೆಬ್ಬೆರಳಿನ ಅಗಲ, ಹಿಂದೆ ಸರಿದಿದ್ದಳು.

ಜೀಪಿನ ಸದ್ದು ಇಳಿಜಾರಿನಲ್ಲಿ ಮಾಯವಾಗುವ ಮೊದಲೇ ಅಜ್ಜಿ ನನ್ನನ್ನು ಕರೆದಳು.

"ಬಾಯಿ ಬಿಟ್ಕೊಂಡು ನಿಂತಿದ್ದು ಸಾಕು. ಅವರ ಕಾಲುಚೀಲಕ್ಕೆ ಗೆರೆ ಹತ್ಕೊಂಡು ಹೋಯ್ತು. ಕೈ ತೊಳ್ಕೊಂಡು ಬಂದು ಹಾಕು. ಆಮೇಲೆ ನನ್ನ ಸೀರೆ ಸುಣ್ಣ ಬಿಡಿಸಬೇಕು."

"ಎಷ್ಟು ಎಳೆ ಅಜ್ಜಿ?"

"ಎಂಟನೇ ಕ್ಲಾಸಿನವಳಿಗೆ ಅದೂ ಹೇಳಿಕೊಡ್ಬೇಕಾ?"

ನಾನು ರಂಗೋಲಿ ಬಟ್ಟಲು ತಂದು, ನಡುಮನೆಯ ಕಡೆಯೇ ಕೂತು, ಹೆಬ್ಬೆರಳು ಅಳಿಸಿದ್ದ ಅಷ್ಟು ಜಾಗಕ್ಕೆ ಎರಡು ಎಳೆ ಎಳೆದೆ. ಆಮೇಲೆ ಸೀರೆ ಎತ್ತಿಕೊಂಡು ಬಾವಿಕಟ್ಟೆಗೆ ಹೋದೆ.